ಫೋಟೋದ ಊರು ಹಿಡಿಯಬೇಕಾ? ಸೇತುವೆ ಬಿಡಿ, ರಸ್ತೆ ನೋಡಿ

ಪ್ರಶ್ನೆ: ನಮ್ಮ ಗೆಳೆಯರ ಬಳಗದಲ್ಲಿ ಒಬ್ಬರು ಆಗಾಗ ಯಾವುದಾದರೂ ಪ್ರವಾಸದ ಫೋಟೋ ತೋರಿಸಿ "ಇದು ಯಾವ ಊರು ಹೇಳಿ" ಅಂತ ಸವಾಲು ಹಾಕುತ್ತಾರೆ. ಈ ಸಲದ ಫೋಟೋದಲ್ಲಿ ಅಗಲವಾದ ನೀರು, ಅದರ ಮೇಲೆ ಕೆಂಪು ತೂಗುಸೇತುವೆ. ನಾನು ಕೂಡಲೇ ಸ್ಯಾನ್ ಫ್ರಾನ್ಸಿಸ್ಕೊ ಅಂದೆ. ಅಲ್ಲ ಅಂದರು. ಆಮೇಲೆ ಆಚೆ ದಡದಲ್ಲಿ ಕೈ ಚಾಚಿ ನಿಂತ ಯೇಸುವಿನ ಪ್ರತಿಮೆ ಕಣ್ಣಿಗೆ ಬಿತ್ತು. ರಿಯೊ ಡಿ ಜನೈರೊ ಅಂದೆ. ಅದೂ ತಪ್ಪು. ಉತ್ತರ ಲಿಸ್ಬನ್ ಅಂತೆ! ಕೆಲವರು ಇದನ್ನೆಲ್ಲ ಅಷ್ಟು ಸಲೀಸಾಗಿ ಹೇಗೆ ಹೇಳುತ್ತಾರೆ? ಜಗತ್ತು ಸುತ್ತಿದವರಿಗೆ ಮಾತ್ರ ಇದು ಆಗುವಂಥದ್ದಾ? ಫೋನಿನಲ್ಲಿ ಫೋಟೋ ಹಾಕಿ ಹುಡುಕಿದರೆ ಅದು ಮೋಸವಾ?

ಉತ್ತರ: ಮೊದಲು ನಿಮ್ಮ ಎರಡು ಉತ್ತರಗಳ ವಿಷಯ. ತಪ್ಪಾದರೂ ಎರಡಕ್ಕೂ ಕಾರಣ ಇತ್ತು. ಲಿಸ್ಬನ್ನಿನ ಆ ಸೇತುವೆಗೆ ‘25 ಏಪ್ರಿಲ್ ಸೇತುವೆ’ ಅಂತ ಹೆಸರು. 1966ರಲ್ಲಿ ಓಡಾಟಕ್ಕೆ ತೆರೆಯಿತು. ಬಣ್ಣ ಹೆಚ್ಚುಕಡಿಮೆ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯದೇ. ಆಚೆ ದಡದ ಪ್ರತಿಮೆ ‘ಕ್ರಿಸ್ತೊ ರೈ’. ಅದು 1959ರದ್ದು. ರಿಯೊದಲ್ಲಿ 1931ರಿಂದ ನಿಂತಿರುವ ಪ್ರತಿಮೆಯನ್ನು ನೋಡಿಯೇ ಇದನ್ನು ಕಟ್ಟುವ ಯೋಚನೆ ಹುಟ್ಟಿದ್ದು. ಎರಡು ಪ್ರಸಿದ್ಧ ಊರುಗಳನ್ನು ನೆನಪಿಸುವ ವಸ್ತುಗಳು ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಸವಾಲು ಹಾಕಿದವರು ಬೇಕಂತಲೇ ಈ ಫೋಟೋ ಆರಿಸಿದ್ದಾರೆ ಅಂತ ನನಗೆ ಅನುಮಾನ.

ಆದರೆ ನೀವು ಒಂದು ಪ್ರಶ್ನೆ ಕೇಳಿಕೊಳ್ಳಲಿಲ್ಲ. "ಸ್ಯಾನ್ ಫ್ರಾನ್ಸಿಸ್ಕೊ ಅಲ್ಲ ಅನ್ನೋಕೆ ಈ ಫೋಟೋದಲ್ಲಿ ಏನಾದರೂ ಇದೆಯಾ?" ಇತ್ತು. ಗೋಲ್ಡನ್ ಗೇಟ್‌ನ ಗೋಪುರಗಳಲ್ಲಿ ರಸ್ತೆಯ ಮೇಲಿನ ಭಾಗಕ್ಕೆ ಅಡ್ಡಪಟ್ಟಿಗಳು ಮಾತ್ರ ಇವೆ. ಏಣಿಯ ಮೆಟ್ಟಿಲಿನ ತರ ಕಾಣುತ್ತದೆ. ಲಿಸ್ಬನ್ನಿನದರಲ್ಲಿ ಗುಣಾಕಾರ ಚಿಹ್ನೆಯಂತೆ ಓರೆ ಪಟ್ಟಿಗಳು ಹಾದುಹೋಗಿವೆ. ಅದರ ಕೆಳ ಅಂತಸ್ತಿನಲ್ಲಿ ರೈಲು ಓಡುತ್ತದೆ. ಗೋಲ್ಡನ್ ಗೇಟ್‌ನಲ್ಲಿ ರೈಲೇ ಇಲ್ಲ. ಇನ್ನು ರಿಯೊ. ಅಲ್ಲಿನ ಪ್ರತಿಮೆ ಸುಮಾರು 710 ಮೀಟರ್ ಎತ್ತರದ ಕೊರ್ಕೊವಾಡೊ ಬೆಟ್ಟದ ತುದಿಯಲ್ಲಿದೆ. ಅದರ ಪೀಠ 8 ಮೀಟರ್ ಅಷ್ಟೇ. ಲಿಸ್ಬನ್ನಿನ 28 ಮೀಟರಿನ ಪ್ರತಿಮೆ ನಿಂತಿರುವುದು 82 ಮೀಟರ್ ಎತ್ತರದ, ನಾಲ್ಕು ಕಾಲಿನ, ದೊಡ್ಡ ಹೆಬ್ಬಾಗಿಲಿನಂಥ ಪೀಠದ ಮೇಲೆ. ಒಮ್ಮೆ ಗಮನಿಸಿದರೆ ಮತ್ತೆ ಗೊಂದಲವೇ ಆಗುವುದಿಲ್ಲ.

ಊರು ಹೇಳುವವರ ಗುಟ್ಟು ಇಷ್ಟೇ. ಅವರು ಗುರುತು ಹಿಡಿಯುವುದಕ್ಕಿಂತ ಹೊಡೆದುಹಾಕುವುದು ಜಾಸ್ತಿ. ನೀವು "ಇದು ಯಾವುದರ ತರ ಇದೆ?" ಅಂತ ಕೇಳುತ್ತೀರಿ. ಅವರು "ಇದು ಎಲ್ಲೆಲ್ಲಿ ಆಗಿರಲು ಸಾಧ್ಯವಿಲ್ಲ?" ಅಂತ ಕೇಳುತ್ತಾರೆ. ಜಗತ್ತು ಸುತ್ತಿರಬೇಕಾಗಿಲ್ಲ. ಈ ಆಟದಲ್ಲಿ ಪಳಗಿದ ಎಷ್ಟೋ ಜನ ತಾವು ಕರಾರುವಾಕ್ಕಾಗಿ ಹೇಳುವ ದೇಶಗಳಿಗೆ ಕಾಲಿಟ್ಟೇ ಇಲ್ಲ.

ಎರಡನೆಯದು, ಎಲ್ಲಿ ನೋಡಬೇಕು ಅನ್ನುವುದು. ಫೋಟೋ ತೆಗೆದವರು ಯಾವುದನ್ನು ತೋರಿಸಬೇಕು ಅಂದುಕೊಂಡರೋ ಅದನ್ನು ಸ್ವಲ್ಪ ಹೊತ್ತು ಬಿಡಿ. ಗೋಪುರ, ಸೇತುವೆ, ಪ್ರತಿಮೆಗಳನ್ನು ಯಾರು ಬೇಕಾದರೂ ನಕಲು ಮಾಡುತ್ತಾರೆ. ರಸ್ತೆಯ ಗೆರೆ, ಕರೆಂಟ್ ಕಂಬ, ನಂಬರ್ ಪ್ಲೇಟ್, ಚರಂಡಿ ಮುಚ್ಚಳ, ಬಸ್ ನಿಲ್ದಾಣದ ಬೋರ್ಡ್ ಇವನ್ನು ಚಂದಕ್ಕಾಗಿ ಯಾರೂ ನಕಲು ಮಾಡುವುದಿಲ್ಲ. ಅವು ಆಯಾ ದೇಶದ ನಿಯಮದ ಪ್ರಕಾರ ಸುಮ್ನೆ ಬಂದು ಕೂತಿರುತ್ತವೆ. ಯಾರೂ ನೋಡದ ವಸ್ತುವೇ ಹೆಚ್ಚು ಮಾತಾಡುತ್ತದೆ.

ರಸ್ತೆಯಿಂದ ಶುರು ಮಾಡೋಣ. ವಾಹನ ಯಾವ ಬದಿಯಲ್ಲಿ ಓಡುತ್ತಿದೆ? ಎಡಬದಿ ಅಂದರೆ ಬ್ರಿಟನ್, ಐರ್ಲೆಂಡ್, ಜಪಾನ್, ಭಾರತ, ಥಾಯ್ಲೆಂಡ್, ಇಂಡೋನೇಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಕೀನ್ಯಾದಂಥ ದೇಶಗಳು. ಯುರೋಪಿನ ಮಟ್ಟಿಗೆ ಬ್ರಿಟನ್, ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ ಬೇರೆ ಯಾವ ದೇಶವೂ ಎಡಬದಿಯದಲ್ಲ. ಹಳೆಯ ಫೋಟೋ ಆದರೆ ಇಸವಿಯೂ ಮುಖ್ಯ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾಯಿತು. ಸಮೋವಾ 2009ರಲ್ಲಿ ಬಲದಿಂದ ಎಡಕ್ಕೆ ಬಂತು. ಸ್ಟಿಯರಿಂಗ್ ಯಾವ ಕಡೆ ಇದೆ ಅನ್ನುವುದೊಂದನ್ನೇ ನಂಬಬೇಡಿ. ಮ್ಯಾನ್ಮಾರಿನಲ್ಲಿ ಬಲಬದಿಯಲ್ಲೇ ಓಡಿಸುತ್ತಾರೆ, ಆದರೆ ಸ್ಟಿಯರಿಂಗ್ ಬಲಕ್ಕಿರುವ ಕಾರುಗಳು ಬೇಕಾದಷ್ಟಿವೆ. ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಇದರ ಉಲ್ಟಾ. ಅಲ್ಲಿ ಓಡಿಸುವುದು ಎಡಬದಿಯಲ್ಲಿ, ಕಾರುಗಳು ಅಮೆರಿಕದವೇ. ಇಂಥ ವಿಚಿತ್ರಗಳನ್ನು ನೆನಪಿಟ್ಟುಕೊಂಡರೆ ಲಾಭ ಜಾಸ್ತಿ. ಇಂಥದ್ದು ಕಂಡ ಕೂಡಲೇ ಪಟ್ಟಿಯಲ್ಲಿ ಒಂದೆರಡು ಹೆಸರಷ್ಟೇ ಉಳಿಯುತ್ತವೆ.

ಆಮೇಲೆ ರಸ್ತೆಯ ನಡುಗೆರೆ. ಎದುರುಬದುರು ಓಡುವ ವಾಹನಗಳ ನಡುವೆ ಹಳದಿ ಗೆರೆ ಇದ್ದರೆ ಅಮೆರಿಕ, ಕೆನಡಾ ಸೇರಿದಂತೆ ಎರಡೂ ಅಮೆರಿಕ ಖಂಡಗಳ ಕಡೆಗೆ ಮನಸ್ಸು ಹೋಗಬೇಕು. ಯುರೋಪಿನಲ್ಲಿ ಬಹುಪಾಲು ಬಿಳಿ. ಆದರೆ ನಾರ್ವೆಯಲ್ಲಿ ಹಳದಿ. ಹಿಮದ ಬೆಟ್ಟ, ಮರದ ಮನೆ, ನಡುವೆ ಹಳದಿ ಗೆರೆ, ಜೊತೆಗೆ ಯುರೋಪಿನ ನಂಬರ್ ಪ್ಲೇಟ್ ಕಂಡರೆ ನಾರ್ವೆ ಅನ್ನಲು ನಾನು ಹೆದರುವುದಿಲ್ಲ.

ನಂಬರ್ ಪ್ಲೇಟಿನಲ್ಲಿ ಅಕ್ಷರ ಓದಲು ಬರದಿದ್ದರೂ ಬಣ್ಣ ಕಾಣುತ್ತದೆ. ಅದೇ ಸಾಕು. ಬ್ರಿಟನ್ನಿನಲ್ಲಿ ಮುಂದೆ ಬಿಳಿ, ಹಿಂದೆ ಹಳದಿ. ಹಾಂಗ್‌ಕಾಂಗ್‌ನಲ್ಲೂ ಹಾಗೇ. ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್‌ನಲ್ಲಿ ಹಿಂದೆ ಮುಂದೆ ಎರಡೂ ಹಳದಿ. ಭೂತಾನಿನ ಖಾಸಗಿ ಕಾರುಗಳಿಗೆ ಕೆಂಪು ಪ್ಲೇಟ್. ಜಪಾನಿನಲ್ಲಿ ಸಣ್ಣ ಎಂಜಿನ್ನಿನ ‘ಕೇ’ ಕಾರುಗಳಿಗೆ ಹಳದಿ ಪ್ಲೇಟ್, ದೊಡ್ಡ ಕಾರುಗಳಿಗೆ ಬಿಳಿ. ಐರೋಪ್ಯ ಒಕ್ಕೂಟದ ಪ್ಲೇಟುಗಳ ಎಡತುದಿಯಲ್ಲಿ ನೀಲಿ ಪಟ್ಟಿ, ಅದರಲ್ಲಿ ನಕ್ಷತ್ರಗಳ ಉಂಗುರ ಇರುತ್ತದೆ. ಎರಡೂ ತುದಿಯಲ್ಲಿ ನೀಲಿ ಇದ್ದರೆ ಇಟಲಿ, ಫ್ರಾನ್ಸ್ ಅಥವಾ ಅಲ್ಬೇನಿಯಾ. ಬ್ರೆಜಿಲ್, ಅರ್ಜೆಂಟೀನಾದ ಹೊಸ ಪ್ಲೇಟುಗಳಲ್ಲಿ ನೀಲಿ ಪಟ್ಟಿ ಮೇಲುಗಡೆ ಅಡ್ಡಲಾಗಿ ಇರುತ್ತದೆ. ಟ್ಯಾಕ್ಸಿಗಳಂತೂ ಇನ್ನೂ ಸುಲಭ. ಹಾಂಗ್‌ಕಾಂಗ್‌ನಲ್ಲಿ ಕೆಂಪು ಟ್ಯಾಕ್ಸಿ ನಗರದ್ದು, ಹಸಿರು ನ್ಯೂ ಟೆರಿಟರೀಸ್ ಕಡೆಯದು, ನೀಲಿ ಲಾಂಟೌ ದ್ವೀಪದ್ದು. ಒಂದು ಬಣ್ಣದಿಂದ ಊರಿನ ಯಾವ ಭಾಗ ಅನ್ನುವುದೂ ಗೊತ್ತಾಗಿಬಿಡುತ್ತದೆ.

ಎಚ್ಚರಿಕೆಯ ಫಲಕಗಳು ಎರಡು ದೊಡ್ಡ ಗುಂಪು. ಕೆಂಪು ಅಂಚಿನ ತ್ರಿಕೋನ ಕಂಡರೆ ಯುರೋಪಿನ ಬಹುಭಾಗ ಮತ್ತು ಆ ಪದ್ಧತಿ ಒಪ್ಪಿಕೊಂಡ ದೇಶಗಳು. ಹಳದಿ ಬಣ್ಣದ ವಜ್ರಾಕೃತಿ ಕಂಡರೆ ಅಮೆರಿಕ ಖಂಡಗಳು, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಥಾಯ್ಲೆಂಡ್ ಇತ್ಯಾದಿ. ಐರ್ಲೆಂಡ್ ಯುರೋಪಿನಲ್ಲಿದ್ದೂ ಹಳದಿ ವಜ್ರ ಹಾಕುತ್ತದೆ. ಹಸಿರು ಗುಡ್ಡ, ಕುರಿ, ಎಡಬದಿಯ ರಸ್ತೆ ನೋಡಿ ಬ್ರಿಟನ್ನಾ ಐರ್ಲೆಂಡಾ ಅಂತ ತಲೆ ಕೆಡಿಸಿಕೊಂಡಾಗ ಈ ಒಂದು ಫಲಕ ಜಗಳ ಮುಗಿಸುತ್ತದೆ. ತ್ರಿಕೋನದ ಒಳಗೆ ಬಿಳಿಯ ಬದಲು ಹಳದಿ ತುಂಬಿದ್ದರೆ ಸ್ವೀಡನ್, ಫಿನ್ಲೆಂಡ್, ಐಸ್‌ಲ್ಯಾಂಡ್, ಪೋಲೆಂಡ್, ಗ್ರೀಸ್ ಇವನ್ನು ನೆನಪಿಸಿಕೊಳ್ಳಿ. ‘ನಿಲ್ಲಿ’ ಅನ್ನುವ ಎಂಟು ಮೂಲೆಯ ಕೆಂಪು ಫಲಕದ ಮೇಲಿನ ಬರಹವೂ ದೇಶ ಹೇಳುತ್ತದೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ‘ಆಲ್ಟೊ’, ದಕ್ಷಿಣ ಅಮೆರಿಕದಲ್ಲಿ ‘ಪಾರೆ’, ಟರ್ಕಿಯಲ್ಲಿ ‘ದುರ್’. ತಮಾಷೆ ನೋಡಿ, ಫ್ರಾನ್ಸಿನಲ್ಲಿ ‘ಸ್ಟಾಪ್’ ಅಂತಲೇ ಇರುತ್ತದೆ, ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್‌ನ ‘ಅರೆ’. ಜಪಾನಿನ ಫಲಕಕ್ಕಂತೂ ಎಂಟು ಮೂಲೆಯೇ ಇಲ್ಲ. ತಲೆಕೆಳಗಾದ ಕೆಂಪು ತ್ರಿಕೋನ.

ಬರಹ ಕಂಡರೆ ಅರ್ಧ ಕೆಲಸ ಆದಂತೆ. ಭಾಷೆ ಓದಲು ಬರಬೇಕಿಲ್ಲ, ಅಕ್ಷರದ ಆಕಾರ ನೋಡಿದರೆ ಸಾಕು. ಕೊರಿಯನ್ ಬರಹದಲ್ಲಿ ಅಲ್ಲಲ್ಲಿ ಚೊಕ್ಕ ವೃತ್ತಗಳು ಕಾಣುತ್ತವೆ. ದಟ್ಟ ಚೀನೀ ಅಕ್ಷರಗಳ ನಡುವೆ ಬಳುಕುವ ಸರಳ ಅಕ್ಷರಗಳು ಬೆರೆತಿದ್ದರೆ ಜಪಾನ್. ಥಾಯ್ ಮತ್ತು ಲಾವೊ ಲಿಪಿಗಳು ಅಕ್ಕತಂಗಿಯರು, ಲಾವೊ ಇನ್ನಷ್ಟು ದುಂಡಗೆ. ಕನ್ನಡ ಮತ್ತು ತೆಲುಗನ್ನು ದೂರದ ಬೋರ್ಡಿನಲ್ಲಿ ಹೊರಗಿನವರು ಹೇಗೆ ಅದಲುಬದಲು ಮಾಡುತ್ತಾರೋ ಇಲ್ಲಿ ನಾವೂ ಹಾಗೇ ಎಡವುತ್ತೇವೆ, ಅಲ್ವಾ. ರಷ್ಯನ್ ತರದ ಲಿಪಿ ಕಂಡ ಕೂಡಲೇ ರಷ್ಯಾ ಅನ್ನಬೇಡಿ. ಬಲ್ಗೇರಿಯಾ, ಸರ್ಬಿಯಾ, ಉಕ್ರೇನ್, ಮಂಗೋಲಿಯಾ ಎಲ್ಲವೂ ಆ ಲಿಪಿಯವೇ. ನೆಟ್ಟಗಿನ ಕಡ್ಡಿಯ ಮೇಲೆ ಎರಡು ಚುಕ್ಕೆ ಇರುವ ಅಕ್ಷರ ಸಿಕ್ಕರೆ ಉಕ್ರೇನ್. ಇಂಗ್ಲಿಷಿನ ‘ಜೆ’ಯಂಥ ಅಕ್ಷರ ನಡುನಡುವೆ ಬಂದರೆ ಸರ್ಬಿಯಾ ಅಥವಾ ಉತ್ತರ ಮ್ಯಾಸಿಡೋನಿಯಾ ಕಡೆ.

ಇಂಗ್ಲಿಷ್ ಅಕ್ಷರಗಳಂತೆಯೇ ಕಾಣುವ ಭಾಷೆಗಳಲ್ಲಿ ಅಕ್ಷರದ ಮೇಲಿನ ಪುಟ್ಟ ಗುರುತುಗಳನ್ನು ನೋಡಬೇಕು. ‘ಎ’ ಅಕ್ಷರದ ಮೇಲೆ ಅಲೆಯಂಥ ಗೆರೆ ಇದ್ದರೆ ಪೋರ್ಚುಗೀಸ್. ಸ್ಪ್ಯಾನಿಷ್‌ನಲ್ಲಿ ಆ ಅಲೆ ‘ಎನ್’ ಮೇಲೆ ಮಾತ್ರ ಕೂರುತ್ತದೆ. ‘ಎಲ್’ ಅನ್ನು ಓರೆಗೆರೆ ಕತ್ತರಿಸಿದ್ದರೆ ಪೋಲಿಷ್. ‘ಯು’ ಮೇಲೆ ಸಣ್ಣ ಉಂಗುರ ಇದ್ದರೆ ಚೆಕ್. ‘ಓ’ ಒಳಗೆ ಓರೆಗೆರೆ ಇದ್ದರೆ ಡೆನ್ಮಾರ್ಕ್ ಅಥವಾ ನಾರ್ವೆ, ಅದರ ಮೇಲೆ ಎರಡು ಚುಕ್ಕೆ ಇದ್ದರೆ ಸ್ವೀಡನ್, ಫಿನ್ಲೆಂಡ್, ಜರ್ಮನ್ ಮಾತಾಡುವ ನಾಡುಗಳು, ಟರ್ಕಿ, ಹಂಗೇರಿ. ಒಂದೇ ಅಕ್ಷರದ ತಲೆಯ ಮೇಲೆ ಎರಡೆರಡು ಗುರುತು ಹೇರಿದ್ದರೆ ವಿಯೆಟ್ನಾಂ. ಬರಹವೇ ಮಸುಕಾಗಿದ್ದರೆ ಅಂಗಡಿ ಬೋರ್ಡಿನ ಕೊನೆ ಸಾಲು ನೋಡಿ. ಜಾಲತಾಣದ ವಿಳಾಸ ‘ಡಾಟ್ ಪಿಟಿ’ ಅಂತ ಮುಗಿದರೆ ಪೋರ್ಚುಗಲ್, ‘ಡಾಟ್ ಸಿಎಚ್’ ಅಂದರೆ ಸ್ವಿಟ್ಜರ್ಲೆಂಡ್.

ಈಗ ನನಗೆ ತುಂಬ ಇಷ್ಟವಾದ ಸುಳಿವಿಗೆ ಬರುತ್ತೇನೆ. ಡಿಶ್ ಆಂಟೆನಾ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ನೇರ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಆದ್ದರಿಂದ ಉತ್ತರ ಗೋಳಾರ್ಧದ ಡಿಶ್‌ಗಳು ದಕ್ಷಿಣದ ಕಡೆಗೂ, ದಕ್ಷಿಣ ಗೋಳಾರ್ಧದವು ಉತ್ತರದ ಕಡೆಗೂ ಮುಖ ಮಾಡುತ್ತವೆ. ಭೂಮಧ್ಯರೇಖೆಯ ಹತ್ತಿರ ಹೋದಷ್ಟೂ ಡಿಶ್ ಆಕಾಶ ನೋಡುತ್ತ ಮಲಗುತ್ತದೆ. ಉತ್ತರ ನಾರ್ವೆಯಂಥ ಕಡೆ ಗೋಡೆಯಂತೆ ನೆಟ್ಟಗೆ ನಿಂತು ದಿಗಂತ ನೋಡುತ್ತದೆ. ಮನೆಯ ಮೇಲಿನ ಸಣ್ಣ ಡಿಶ್‌ಗಳು ನಿಜವಾಗಿ ನೋಡುವ ಕೋನಕ್ಕಿಂತ ಸ್ವಲ್ಪ ನೆಟ್ಟಗೆ ಕಾಣುವಂತೆ ಮಾಡಿರುತ್ತಾರೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬ್ರಿಟನ್ನಿನ ಡಿಶ್‌ಗಳು ಹೆಚ್ಚಾಗಿ ಆಗ್ನೇಯಕ್ಕೆ ಮುಖ ಮಾಡಿರುತ್ತವೆ. ಹೀಗೆ ಒಂದು ತಗಡಿನ ಬಟ್ಟಲು ನಿಮಗೆ ದಿಕ್ಕನ್ನೂ ಅಂದಾಜು ಅಕ್ಷಾಂಶವನ್ನೂ ಕೊಡುತ್ತದೆ.

ದಿಕ್ಕು ಸಿಕ್ಕಿತು ಅಂದರೆ ನೆರಳು ಮಾತಾಡಲು ಶುರು ಮಾಡುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತ, ಅಂದರೆ 23.4 ಡಿಗ್ರಿಗಿಂತ ಉತ್ತರದಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದಲ್ಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಮಕರ ಸಂಕ್ರಾಂತಿ ವೃತ್ತದ ದಕ್ಷಿಣಕ್ಕೆ ಇದರ ಉಲ್ಟಾ. ನಡುವಿನ ಪಟ್ಟಿಯಲ್ಲಿ ವರ್ಷದ ಕಾಲ ನೋಡಿ ಎರಡೂ ಆಗುತ್ತದೆ. ಹಗಲು ರಾತ್ರಿ ಸಮ ಇರುವ ದಿನಗಳ ಮಧ್ಯಾಹ್ನ, 45 ಡಿಗ್ರಿ ಅಕ್ಷಾಂಶದಲ್ಲಿ ಕಂಬದ ನೆರಳು ಕಂಬದಷ್ಟೇ ಉದ್ದ. 30 ಡಿಗ್ರಿಯಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ. 60 ಡಿಗ್ರಿಯಲ್ಲಿ ಒಂದೂಮುಕ್ಕಾಲು ಪಟ್ಟು. ಫೋಟೋದಲ್ಲಿ ಗಡಿಯಾರದ ಗೋಪುರ ಇದ್ದು ತಿಂಗಳೂ ಅಂದಾಜಾದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಡಿಶ್ ಇಲ್ಲದಿದ್ದರೆ ದಿಕ್ಕಿಗೆ ಬೇರೆ ದಾರಿಗಳಿವೆ. ಯುರೋಪಿನ ಹಳೆಯ ಚರ್ಚುಗಳಲ್ಲಿ ಸಾಮಾನ್ಯವಾಗಿ ಬಾಗಿಲು ಪಶ್ಚಿಮಕ್ಕೆ, ಬಲಿಪೀಠ ಪೂರ್ವಕ್ಕೆ. ರೋಮ್‌ನ ಸಂತ ಪೀಟರ್ ಬೆಸಿಲಿಕಾ ಇದಕ್ಕೆ ಪ್ರಸಿದ್ಧ ಅಪವಾದ. ಸೂರ್ಯ ಕಡಲಿನೊಳಗೆ ಮುಳುಗುತ್ತಿದ್ದರೆ ನೀವು ಪಶ್ಚಿಮದ ಕಡೆ ನೋಡುತ್ತಿದ್ದೀರಿ. ಪೂರ್ವ ಕರಾವಳಿಯ ನೇರ ತೀರಗಳೆಲ್ಲ ಹೊಡೆದುಹೋದವು. ಹಾಂ, ಅದು ಸೂರ್ಯೋದಯ ಅಲ್ಲ ಅನ್ನುವುದು ಖಾತ್ರಿ ಇರಬೇಕು! ಚಂದ್ರನ ಕೊಂಬೂ ಕೆಲಸಕ್ಕೆ ಬರುತ್ತದೆ. ಸಂಜೆಯ ಬಿದಿಗೆ ಚಂದ್ರ ದೋಣಿಯಂತೆ ಮಲಗಿದ್ದರೆ ಭೂಮಧ್ಯರೇಖೆಯ ಸುತ್ತಮುತ್ತ ಇರುವ ಸಾಧ್ಯತೆ ಹೆಚ್ಚು.

ಗಿಡಮರ ನೋಡಿ ಊರು ಹೇಳುವುದರಲ್ಲಿ ನನಗೆ ನಂಬಿಕೆ ಕಮ್ಮಿ. ನೀಲಗಿರಿ ಮರ ಕಂಡು ಆಸ್ಟ್ರೇಲಿಯಾ ಅಂದವರು ಪೋರ್ಚುಗಲ್, ಇಥಿಯೋಪಿಯಾ, ಕ್ಯಾಲಿಫೋರ್ನಿಯಾಗಳಲ್ಲಿ ಮೋಸಹೋಗುತ್ತಾರೆ. ಬೋಗನ್‌ವಿಲ್ಲಾ, ಜಕರಂಡಾ ಎರಡೂ ದಕ್ಷಿಣ ಅಮೆರಿಕದವು, ಬಿಸಿ ಇರುವ ಊರುಗಳಲ್ಲೆಲ್ಲ ನೆಟ್ಟಿದ್ದಾರೆ. ಕೆಂಪು ಮಣ್ಣು ಬ್ರೆಜಿಲಿನಲ್ಲೂ ಇದೆ, ಆಫ್ರಿಕಾದಲ್ಲೂ ಇದೆ, ಆಸ್ಟ್ರೇಲಿಯಾದಲ್ಲೂ ಇದೆ. ಆದರೆ ಕೆಲವು ಮರಗಳು ಊರು ಬಿಟ್ಟು ಹೋಗಿಲ್ಲ. ಕೈ ಎತ್ತಿ ನಿಂತ ಮನುಷ್ಯನಂಥ ಸಗ್ವಾರೊ ಕಳ್ಳಿ ಬಯಲಲ್ಲಿ ಕಾಡಿನಂತೆ ಬೆಳೆದಿದ್ದರೆ ಅದು ಸೊನೋರಾ ಮರುಭೂಮಿ, ಅಂದರೆ ಅಮೆರಿಕದ ಅರಿಜೋನಾ ಅಥವಾ ಪಕ್ಕದ ಮೆಕ್ಸಿಕೊ. ಅಣಬೆಯಾಕಾರದ ಡ್ರ್ಯಾಗನ್ ರಕ್ತವೃಕ್ಷಗಳ ಸಾಲು ಇದ್ದರೆ ಯೆಮೆನ್‌ನ ಸೊಕೋತ್ರ ದ್ವೀಪ. ದಪ್ಪ ಹೊಟ್ಟೆಯ ಬಾವೋಬಾಬ್ ಮಡಗಾಸ್ಕರ್, ಆಫ್ರಿಕಾ, ವಾಯವ್ಯ ಆಸ್ಟ್ರೇಲಿಯಾ ಈ ಮೂರರ ನಡುವೆ ಹಂಚಿಹೋಗಿದೆ.

ಕಟ್ಟಡಗಳ ವಿಷಯದಲ್ಲಿ ನಕಲುಗಳ ಬಗ್ಗೆ ಎಚ್ಚರ. ಐಫೆಲ್ ಗೋಪುರದ ನಕಲು ಚೀನಾದ ಹಾಂಗ್‌ಝೌ ಹತ್ತಿರ ಇದೆ, ಲಾಸ್ ವೇಗಸ್‌ನಲ್ಲೂ ಇದೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಹಳ್ಳಿಯನ್ನು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹೆಚ್ಚುಕಡಿಮೆ ಹಾಗೇ ಕಟ್ಟಿ 2012ರಲ್ಲಿ ಜನರಿಗೆ ತೆರೆದರು. ಇನ್ನೊಂದು ಮಜಾ ಕಥೆ, ಹಳೆಯ ಲಂಡನ್ ಸೇತುವೆಯ ಕಲ್ಲುಗಳನ್ನು ಬಿಚ್ಚಿ ಸಾಗಿಸಿ ಅಮೆರಿಕದ ಅರಿಜೋನಾದಲ್ಲಿ ಮತ್ತೆ ಜೋಡಿಸಿದ್ದಾರೆ. 1971ರಿಂದ ಅದು ಲೇಕ್ ಹಾವಸು ಸಿಟಿಯಲ್ಲಿದೆ. ಇಂಥ ಕಡೆ ಕಟ್ಟಡ ನೋಡಿದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಪಕ್ಕದಲ್ಲಿ ನಿಂತ ಕಾರಿನ ನಂಬರ್ ಪ್ಲೇಟ್ ಕ್ಷಣದಲ್ಲಿ ನಿಜ ಹೇಳುತ್ತದೆ.

ನಕಲಲ್ಲದ ನಂಟುಗಳೂ ಇವೆ. ಕಪ್ಪು ಬಿಳುಪು ಕಲ್ಲಿನಲ್ಲಿ ಅಲೆ ಅಲೆಯಾಗಿ ಹಾಸಿದ ಕಾಲುದಾರಿ ನೋಡಿರಬಹುದು. ಅದು ಲಿಸ್ಬನ್ನಿನ ರೊಸಿಯೊ ಚೌಕದಲ್ಲಿದೆ. ರಿಯೊದ ಕೊಪಕಬಾನ ಕಡಲದಂಡೆಯಲ್ಲಿದೆ. ಚೀನಾದ ಮಕಾವ್‌ನ ಸೆನಾಡೊ ಚೌಕದಲ್ಲೂ ಇದೆ. ಮೂರು ಖಂಡ, ಪೋರ್ಚುಗೀಸರ ಒಂದೇ ಕಲ್ಲುಹಾಸು. ಇದನ್ನು ಬಿಡಿಸುವುದು ಹೇಗೆ? ಬೋರ್ಡಿನಲ್ಲಿ ಚೀನೀ ಬರಹ, ಎಡಬದಿಯ ವಾಹನ ಇದ್ದರೆ ಮಕಾವ್. ಬಲಬದಿಯಾಗಿದ್ದು ಪ್ಲೇಟಿನ ಎಡತುದಿ ನೀಲಿ ಇದ್ದರೆ ಲಿಸ್ಬನ್, ಮೇಲಿನ ಪಟ್ಟಿ ನೀಲಿ ಇದ್ದರೆ ರಿಯೊ. ಮಸೀದಿಯ ಮಿನಾರುಗಳಲ್ಲೂ ಇಂಥ ನಂಟು ಸಿಗುತ್ತದೆ. ಪೆನ್ಸಿಲ್ ತರ ಸಪೂರವಾಗಿದ್ದರೆ ಟರ್ಕಿ ಮತ್ತು ಹಿಂದೆ ಆಟೊಮನ್ನರು ಆಳಿದ ಬಾಲ್ಕನ್ ನಾಡುಗಳು. ಚೌಕಾಕಾರದ ಗೋಪುರ ಇದ್ದರೆ ಮೊರಾಕೊ, ಅಲ್ಜೀರಿಯಾ, ಟ್ಯುನೀಷಿಯಾ ಕಡೆ. ಸ್ಪೇನಿನ ಸೆವಿಲ್ಲಾದ ಹಿರಾಲ್ಡ ಗೋಪುರ ಈಗ ಚರ್ಚಿನದು, ಮೂಲದಲ್ಲಿ ಅಂಥದೇ ಮಿನಾರು.

ಬೆಟ್ಟದ ಫೋಟೋಗಳಲ್ಲಿ ಬೇರೆಯೇ ಒಂದು ಬಲೆ ಇದೆ. ಪ್ರಶ್ನೆ "ಬೆಟ್ಟ ಯಾವುದು" ಅಂತಲೋ, "ಕ್ಯಾಮೆರಾ ಎಲ್ಲಿತ್ತು" ಅಂತಲೋ ಮೊದಲು ಕೇಳಿ. ಆನೆಗಳ ಹಿಂದೆ ಹಿಮದ ಟೋಪಿಯ ಕಿಲಿಮಂಜಾರೊ ಕಾಣುವ ಆ ಪ್ರಸಿದ್ಧ ನೋಟಗಳಲ್ಲಿ ಬೆಟ್ಟ ಇರುವುದು ಟಾಂಜಾನಿಯಾದಲ್ಲಿ. ಅವನ್ನು ಹೆಚ್ಚಾಗಿ ತೆಗೆಯುವುದು ಗಡಿಯಾಚೆ ಕೀನ್ಯಾದ ಅಂಬೊಸೆಲಿ ಉದ್ಯಾನದಲ್ಲಿ. ಅರರಾತ್ ಬೆಟ್ಟವೂ ಹಾಗೇ. 5,137 ಮೀಟರಿನ ಆ ಶಿಖರ ಇರುವುದು ಟರ್ಕಿಯಲ್ಲಿ. ಆದರೆ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಿಂದ ಕಣ್ಣಮುಂದೆಯೇ ಕಾಣುತ್ತದೆ. ಬೆಟ್ಟದ ಮುಂದೆ ಪುಟ್ಟ ದಿಣ್ಣೆಯ ಮೇಲೆ ಒಂದು ಮಠ ಇರುವ ಫೋಟೋ ನಿಮಗೂ ಎಂದಾದರೂ ಬರುತ್ತದೆ. ಅದು ಅರ್ಮೇನಿಯಾದ ಖೋರ್ ವಿರಾಪ್. ಮಠ ಇಲ್ಲದಿದ್ದರೂ ಹೇಳಬಹುದು. ಅರರಾತ್‌ಗೆ ದೊಡ್ಡದು ಚಿಕ್ಕದು ಅಂತ ಎರಡು ಶಿಖರ. ಅರ್ಮೇನಿಯಾ ಕಡೆಯಿಂದ ನೋಡಿದರೆ ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ಟರ್ಕಿಯ ದೋಯುಬಯಾಜಿತ್ ಊರಿನಿಂದ ನೋಡಿದರೆ ಅದಲುಬದಲು. ಯಾವ ಜೋಡಿ ಶಿಖರಕ್ಕೂ ಈ ಲೆಕ್ಕ ನಡೆಯುತ್ತದೆ. ಒಂದೇ ಷರತ್ತು, ಫೋಟೋವನ್ನು ಕನ್ನಡಿಯಂತೆ ತಿರುಗಿಸಿರಬಾರದು. ಬೋರ್ಡಿನ ಅಕ್ಷರ, ಗಡಿಯಾರದ ಮುಖ ಉಲ್ಟಾ ಇದೆಯೇ ಅಂತ ಮೊದಲೇ ಪರೀಕ್ಷಿಸಿ. ಇಲ್ಲದಿದ್ದರೆ ಎಡಬಲದ ಸುಳಿವೆಲ್ಲ ಉಲ್ಟಾ ಉತ್ತರ ಕೊಡುತ್ತದೆ.

ಹೋಟೆಲ್ ಕೋಣೆಯ ಒಳಗಿನ ಫೋಟೋ ಬಂದರೆ ಗೋಡೆಯ ಪ್ಲಗ್ ಪಾಯಿಂಟ್ ಹುಡುಕಿ. ಮೂರು ಆಯತಾಕಾರದ ರಂಧ್ರ ಇದ್ದರೆ ಬ್ರಿಟನ್, ಐರ್ಲೆಂಡ್, ಸಿಂಗಾಪುರ, ಮಲೇಷ್ಯಾ, ಹಾಂಗ್‌ಕಾಂಗ್, ಯುಎಇ ಈ ಬಳಗ. ಮೇಲಿನ ಎರಡು ಸೀಳು ಓರೆಯಾಗಿದ್ದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚೀನಾ, ಅರ್ಜೆಂಟೀನಾ. ಮೂರು ದುಂಡು ರಂಧ್ರ ಒಂದೇ ಸಾಲಿನಲ್ಲಿದ್ದರೆ ಇಟಲಿ ಅಥವಾ ಚಿಲಿ. ಡೆನ್ಮಾರ್ಕಿನದು ನಗುಮುಖದ ತರ ಕಾಣುತ್ತದೆ. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘ಎಕ್ಸಿಟ್’ ಅಂತಿದ್ದರೆ ಅಮೆರಿಕ ಇರಬಹುದು, ಓಡುವ ಹಸಿರು ಮನುಷ್ಯ ಇದ್ದರೆ ಯುರೋಪ್, ಜಪಾನ್ ಮುಂತಾದವು.

ಇನ್ನು ನಿಮ್ಮ ಮೋಸದ ಪ್ರಶ್ನೆ. ಆಟದಲ್ಲಿ ಮೊದಲೇ ಮಾತಾಗಿದ್ದರೆ ಹುಡುಕುವುದೂ ಸರಿ. ನನ್ನ ಪದ್ಧತಿ, ಮೊದಲು ಬರಿಗಣ್ಣಿನಲ್ಲಿ ದೇಶದ ತನಕ ಬರುವುದು, ಆಮೇಲೆ ಉಪಕರಣ. ಫೋಟೋ ಹಾಕಿ ಹುಡುಕುವ ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಯಾವುದರಲ್ಲಾದರೂ ಇಡೀ ಫೋಟೋ ಹಾಕುವ ಬದಲು ಒಂದು ಗುಮ್ಮಟ, ಒಂದು ಬೋರ್ಡ್, ಒಂದು ಬೆಟ್ಟದ ಅಂಚು ಮಾತ್ರ ಕತ್ತರಿಸಿ ಹಾಕಿ. ಫಲಿತಾಂಶ ಎಷ್ಟೋ ಚೆನ್ನಾಗಿ ಬರುತ್ತದೆ. ಬೆಟ್ಟದ ಸಾಲನ್ನು ಗೂಗಲ್ ಅರ್ಥ್‌ನ ಮೂರು ಆಯಾಮದ ನೋಟದೊಂದಿಗೆ ಹೋಲಿಸಬಹುದು. ನೆರಳಿನ ಲೆಕ್ಕಕ್ಕೆ ಸನ್‌ಕ್ಯಾಲ್ಕ್ ಅನ್ನುವ ಜಾಲತಾಣ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯ ಮಾಹಿತಿಯಲ್ಲಿ "ರೈಲು ಸೇತುವೆಯ ಪಕ್ಕ ಚರ್ಚ್ ಇರುವ ಜಾಗಗಳು" ಅಂತ ಹುಡುಕುವ ಸೌಲಭ್ಯವೂ ಇದೆ, ಸ್ವಲ್ಪ ಕಲಿಯಬೇಕು. ಫೋಟೋದ ಕಡತದಲ್ಲೇ ಜಿಪಿಎಸ್ ವಿವರ ಅಡಗಿರಬಹುದು, ಆದರೆ ಮೆಸೇಜ್ ಆ್ಯಪ್‌ಗಳ ಮೂಲಕ ಬಂದ ಫೋಟೋಗಳಲ್ಲಿ ಸಾಮಾನ್ಯವಾಗಿ ಅದು ಅಳಿಸಿಹೋಗಿರುತ್ತದೆ. ಎಐ ಚಾಟ್‌ಬಾಟ್‌ಗಳನ್ನು ಕೇಳುವುದಾದರೆ ಊರಿನ ಹೆಸರು ಕೇಳಬೇಡಿ, ಕಾರಣ ಕೇಳಿ. ತಪ್ಪು ಉತ್ತರವನ್ನೂ ಅವು ಸರಿ ಉತ್ತರದಷ್ಟೇ ಧೈರ್ಯದಿಂದ ಹೇಳುತ್ತವೆ. ಹೇಳಿದ ಕಾರಣ ಫೋಟೋದಲ್ಲಿ ನಿಜಕ್ಕೂ ಇದೆಯೇ ಅಂತ ನೀವೇ ನೋಡಿ.

2013ರಲ್ಲಿ ಶುರುವಾದ ಜಿಯೋಗೆಸರ್ ಆಟ ಇದಕ್ಕೆ ಒಳ್ಳೆಯ ತಾಲೀಮು. ಗೂಗಲ್ ಸ್ಟ್ರೀಟ್ ವ್ಯೂನ (ಕಾರಿನ ಮೇಲೆ ಕ್ಯಾಮೆರಾ ಇಟ್ಟು ಗೂಗಲ್ ತೆಗೆದ ರಸ್ತೆಯ ಫೋಟೋಗಳು) ಯಾವುದೋ ರಸ್ತೆಯಲ್ಲಿ ನಿಮ್ಮನ್ನು ಬಿಟ್ಟು ಜಾಗ ಹೇಳಿ ಅನ್ನುತ್ತದೆ. ಅಲ್ಲಿನ ಕೆಲವು ಜಾಣತನಗಳು ಆ ಆಟಕ್ಕೆ ಮಾತ್ರ. ಉದಾಹರಣೆಗೆ ಗೂಗಲ್ ಕಾರಿನ ಮೇಲಿನ ಚೌಕಟ್ಟಿಗೆ ಕಪ್ಪು ಟೇಪ್ ಸುತ್ತಿದ್ದರೆ ಘಾನಾ, ಕಾರಿನ ಪಕ್ಕ ಗಾಳಿಯ ಕೊಳವೆ ಕಂಡರೆ ಕೀನ್ಯಾ ಅಂತ ಆಟಗಾರರು ಗುರುತಿಟ್ಟುಕೊಂಡಿದ್ದಾರೆ. ಪ್ರವಾಸದ ಫೋಟೋಗೆ ಇದರಿಂದ ಏನೂ ಪ್ರಯೋಜನ ಇಲ್ಲ. ಕಂಬ, ಗೆರೆ, ಫಲಕದ ಪಾಠ ಮಾತ್ರ ಹೊತ್ತು ತನ್ನಿ.

ಇದೇ ವಿದ್ಯೆ ಗಂಭೀರ ಕೆಲಸಕ್ಕೂ ಬಳಕೆಯಾಗುತ್ತದೆ. 2014ರಲ್ಲಿ ಶುರುವಾದ ಬೆಲಿಂಗ್‌ಕ್ಯಾಟ್ ತನಿಖಾ ತಂಡ ಯುದ್ಧದ ಫೋಟೋ, ವಿಡಿಯೊಗಳ ಜಾಗವನ್ನು ಹೀಗೇ ಪತ್ತೆಮಾಡುತ್ತದೆ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ಹಿನ್ನೆಲೆಯಲ್ಲಿ ಕಂಡ ವಸ್ತುಗಳನ್ನು ಮಾತ್ರ ಬೇರ್ಪಡಿಸಿ, ಗುರುತಿಸಿ ಕೊಡಿ ಅಂತ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಿಂದ ಜನರನ್ನೇ ಕೇಳುತ್ತಿದೆ. ಹಾಗೆಯೇ ಕೆಟ್ಟದ್ದಕ್ಕೂ ಬಳಸಬಹುದು. ಪರಿಚಯವಿಲ್ಲದ ವ್ಯಕ್ತಿಯ ಮನೆಯ ಕಿಟಕಿಯ ಫೋಟೋ ಕೊಟ್ಟು "ಇದು ಎಲ್ಲಿ?" ಅಂತ ಯಾರಾದರೂ ಕೇಳಿದರೆ ನಾನು ಉತ್ತರಿಸುವುದಿಲ್ಲ. ನೀವೂ ಉತ್ತರಿಸಬೇಡಿ.

ಕೊನೆಗೆ, ಮುಂದಿನ ಸವಾಲಿಗೆ ಹೀಗೆ ಮಾಡಿ. ಫೋಟೋದ ನಡುಭಾಗವನ್ನು ಕೈಯಿಂದ ಮುಚ್ಚಿ. ನಾಲ್ಕು ಮೂಲೆಗಳನ್ನು ಹಿಗ್ಗಿಸಿ ನೋಡಿ. ಮೊದಲು ಹೊಳೆದ ಊರಿನ ಹೆಸರನ್ನು ಬರೆದಿಟ್ಟು, ಅದು ಅಲ್ಲ ಅನ್ನಲು ಸಾಕ್ಷಿ ಹುಡುಕಿ. ಉಳಿದುಕೊಂಡರೆ ಮಾತ್ರ ಹೇಳಿ. ಹೇಳುವಾಗಲೂ ಎಷ್ಟು ಖಾತ್ರಿ ಅನ್ನುವುದನ್ನು ಬೇರೆ ಬೇರೆ ಮಾಡಿ ಹೇಳಿ: "ದಕ್ಷಿಣ ಗೋಳಾರ್ಧ ಖಂಡಿತ, ಎಡಬದಿ ಖಂಡಿತ, ನ್ಯೂಜಿಲೆಂಡ್ ಇರಬೇಕು, ಆದರೆ ಟಾಸ್ಮೇನಿಯಾವನ್ನು ಇನ್ನೂ ಹೊಡೆದುಹಾಕಲು ಆಗಿಲ್ಲ."